ಪದ್ದಕ್ಕನ ಕ್ಯಾಸೆಟ್ಟು

ಯಾರ ಮನೆಗೆ ಹೋದರೂ ಪದ್ದಕ್ಕ ಕೂರುವ ಮೊದಲು ಒಂದು ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ ಆಲಿಸುತ್ತಿದ್ದಳು. "ಈ ರೂಮು ಗುಂಯ್ ಅನ್ನುತ್ತೆ ಕಣೋ, ಇಲ್ಲಿ ಗಿಟಾರ್ ರೆಕಾರ್ಡ್ ಮಾಡಕ್ಕಾಗಲ್ಲ" ಎನ್ನುವಳು. ಮನೆಯವರು ಕಕ್ಕಾಬಿಕ್ಕಿ.

ಅವಳು ನನ್ನ ದೊಡ್ಡಮ್ಮನ ಮಗಳು. ಮುಳಬಾಗಿಲಿನಲ್ಲಿ ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದ ಮೇಷ್ಟ್ರೊಬ್ಬರ ಹತ್ತಿರ ಇಬ್ಬರೂ ಗಿಟಾರ್ ಕಲಿತೆವು. ಬೆರಳಿನ ಓಟ ನನ್ನದೇ ಚುರುಕು, ಮೇಷ್ಟ್ರೇ ಹೇಳುತ್ತಿದ್ದರು. ನನ್ನ ಟೇಪ್ ರೆಕಾರ್ಡರೂ ಹೊಸದು. ಆದರೆ ನನ್ನ ಕ್ಯಾಸೆಟ್ ಹಾಕಿದರೆ ತಗಡಿನ ಮೇಲೆ ಜಲ್ಲಿ ಸುರಿದಂತೆ ಗರಗರ. ಅವಳು ಹಳೇ ಪೆಟ್ಟಿಗೆಯಲ್ಲಿ ಮಾಡಿದ್ದು ತಿಳಿನೀರು. ಗೋಡೆಯಾಚೆಯಿಂದ ಅದು ಕೇಳಿಸಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕೊನೆಗೆ ಬಿಗುಮಾನ ಬಿಟ್ಟು ಕೇಳಿದೆ. ರಾಗಿ ಮೂಟೆ, ಹಾಸಿಗೆ ಸುರುಳಿ ತುಂಬಿ ಗುಂಯ್ ಅನ್ನದ ತಮ್ಮ ಉಗ್ರಾಣಕ್ಕೆ ಕರೆದೊಯ್ದಳು. "ಲೇ ಶೇಷ, ಮೈಕನ್ನ ಗಿಟಾರ್ ಬಾಯೊಳಕ್ಕೇ ತುರುಕ್ತೀಯಲ್ಲೋ, ಅದು ಉಸಿರುಕಟ್ಟಿ ಅರಚುತ್ತೆ. ಒಂದು ಮೊಳ ದೂರ ಇಡು. ತೂತಿನ ಎದುರಿಗೆ ಬೇಡ, ಕತ್ತಿನ ಕಡೆಗೆ ತಿರುಗಿಸು. ಎಷ್ಟು ಜೋರಾಗಿ ನುಡಿಸಿದ್ರೂ ರೆಕಾರ್ಡರ್ ಮೀಟರಿನ ಮುಳ್ಳು ಕೆಂಪಿಗೆ ಹೋಗಬಾರದು."

ಹಾಗೇ ಮಾಡಿದೆ. ಗರಗರ ನಿಂತಿತು. ಶಬ್ದ ತಿಳಿಯಾದ ಮೇಲೆ, ಅವಳಷ್ಟು ಹಿತವಾಗಿ ನಾನು ನುಡಿಸುವುದಿಲ್ಲ ಎನ್ನುವುದೂ ತಿಳಿಯಾಗಿ ಕೇಳಿಸಿತು. ಹೊಟ್ಟೆಯುರಿ ಇಮ್ಮಡಿಯಾಯಿತು.

ಮಾಲೂರಿನ ಆರ್ಕೆಸ್ಟ್ರಾದ ಯಜಮಾನರು ಗಿಟಾರಿಗೆ ಜನ ಹುಡುಕುತ್ತ ಬಂದು ಇಬ್ಬರ ಕ್ಯಾಸೆಟ್ಟನ್ನೂ ಕೇಳಿದರು. ಅವಳದು ಮುಗಿಯುವವರೆಗೆ ಕೈಯಲ್ಲಿದ್ದ ಕಾಫಿ ತುಟಿಗೆ ಹೋಗಲಿಲ್ಲ. "ಈ ಅಮ್ಮ ಬರಲಿ" ಎಂದರು.

ಪದ್ದಕ್ಕ ಒಪ್ಪಲಿಲ್ಲ. "ಜನರ ಮುಂದೆ ನನ್ನ ಕೈ ನಡುಗುತ್ತೆ ಸಾರ್. ಶೇಷನ್ನ ಕರ್ಕೊಂಡು ಹೋಗಿ."

ಹೋದೆ. ಕೋಲಾರ, ಶ್ರೀನಿವಾಸಪುರ, ಟೇಕಲ್ ಎಂದು ಮದುವೆಮನೆಗಳಲ್ಲಿ ವರ್ಷಗಟ್ಟಲೆ ನುಡಿಸಿದೆ. ಜನ ಮೆಚ್ಚಿದಾಗಲೆಲ್ಲ, ಅವಳು ಬೇಡವೆಂದದ್ದು ತಾನೇ ನನಗೆ ಸಿಕ್ಕಿದ್ದು ಅನ್ನಿಸಿ ಒಳಗೆ ಚುರುಕ್ಕೆನ್ನುತ್ತಿತ್ತು.

ಅವಳನ್ನು ರಾಯಲ್ಪಾಡಿನ ಮಾವಿನ ತೋಟದವರಿಗೆ ಕೊಟ್ಟರು. ನಾನು ಕೊನೆಯ ಸಲ ನೋಡಲು ಹೋದಾಗ ಹೊಸ ಕ್ಯಾಸೆಟ್ ಹಾಕಿದಳು. ತಂತಿಯಿಂದ ತಂತಿಗೆ ಬೆರಳು ಜಾರುವುದೂ ಕೇಳುತ್ತಿತ್ತು.

"ಹೇಗಿದೆಯೋ?"

"ಪರವಾಗಿಲ್ಲ."

"ನೀನು ಅಷ್ಟು ಅಂದ್ರೆ ತುಂಬ ಚೆನ್ನಾಗಿದೆ ಅಂತ" ಎಂದು ನಕ್ಕಳು.

ಮುಂದಿನ ಮಾವಿನ ಸುಗ್ಗಿಯ ಹೊತ್ತಿಗೆ ಕಾಮಾಲೆಯಾಗಿ ಹೋಗಿಬಿಟ್ಟಳು. ವೈಕುಂಠ ಸಮಾರಾಧನೆಯ ದಿನ, ಆ ಕ್ಯಾಸೆಟ್ ಕೊಡಿ ಎಂದು ಭಾವನನ್ನು ಕೇಳಿದೆ. ಗಿಟಾರಿಗೆ ಎಷ್ಟು ತಂತಿ ಎಂಬುದೂ ತಿಳಿಯದ ಮನುಷ್ಯ.

"ಅದೊಕ್ಕಟಿ ಅಡಗೊದ್ದು ಶೇಷಾ" ಎಂದು ತೆಲುಗಿನಲ್ಲಿ ಅಂದರು. "ಅದೊಂದು ಬಿಟ್ಟು ಏನು ಬೇಕಾದ್ರೂ ತಗೊಂಡು ಹೋಗು. ಅದನ್ನ ಹಾಕಿದ್ರೆ ಅವಳು ಒಳಗೆ ಕೂತಿದ್ದಾಳೆ ಅನ್ಸುತ್ತೆ."

ಬರಿಗೈಯಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಮನುಷ್ಯನ ಮೇಲೆ ಹೊಟ್ಟೆಕಿಚ್ಚುಪಟ್ಟೆ.