ಮೂರೂವರೆ ಬಾಗಿಲಿನ ಕಾರು

ಕಾರಿಗೆ ನಾಲ್ಕು ಬಾಗಿಲು ಎಂದು ಲೋಕ ನಂಬಿದೆ. ನಮ್ಮದಕ್ಕೆ ಇದ್ದದ್ದು ಮೂರೂವರೆ. ಮುಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಒಳಗೆ ಕೂತವರು ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಹಾಗಾಗಿ ಎಲ್ಲಿಗೇ ಹೋಗಲಿ, ಗಾಡಿ ನಿಲ್ಲಿಸಿ, ನಾನು ಮೊದಲು ಇಳಿದು, ಅದರ ಮೂತಿಯನ್ನು ಅರ್ಧಪ್ರದಕ್ಷಿಣೆ ಹಾಕಿ, ಆ ಕಡೆಯ ಬಾಗಿಲು ತೆಗೆದು ನನ್ನ ಹೆಂಡತಿ ಪದ್ಮಾಳನ್ನು ಇಳಿಸಿಕೊಳ್ಳಬೇಕಾಗಿತ್ತು. ಪೂರ್ತಿ ಪ್ರದಕ್ಷಿಣೆ ಹಾಕಿದ್ದರೆ ಇಷ್ಟು ವರ್ಷಗಳಲ್ಲಿ ಪುಣ್ಯವಾದರೂ ಬರುತ್ತಿತ್ತು; ಅರ್ಧಕ್ಕೆ ಬಂದದ್ದು ಮಂಡಿನೋವು ಮಾತ್ರ.

ಆ ಬಾಗಿಲು ಹುಟ್ಟಾ ಹಾಗಿರಲಿಲ್ಲ. ಅದರ ದುರ್ಗತಿಗೆ ಕಾರಣ ನಮ್ಮ ಭೂಗೋಳ. ಓದುಗ ಮಹಾಶಯರೇ, ನೀವು ಅರಸೀಕೆರೆಯಲ್ಲಿ ಮನೆ ಕಟ್ಟುವ ಯೋಚನೆಯಲ್ಲಿದ್ದರೆ ಕಟ್ಟಿ, ಸಂತೋಷ. ಆದರೆ ಕಾರನ್ನು ಮಾತ್ರ ಕೊಳ್ಳಬೇಡಿ. ರೈಲಿನಿಂದ ಇಳಿದು ಬರುವ ನೆಂಟರು ಕಾಫಿಯ ಲೋಟ ಕೆಳಗಿಡುವ ಮೊದಲೇ, ಇಲ್ಲಿಂದ ಹಳೇಬೀಡು ಎಷ್ಟು ದೂರ ಎಂದು ಕೇಳುತ್ತಾರೆ. ಅದು ಪ್ರಶ್ನೆಯಲ್ಲ, ಆಜ್ಞೆ. ಮರುದಿನ ಬೆಳಗ್ಗೆ ಪುಳಿಯೋಗರೆ, ಮೊಸರನ್ನಗಳ ಸಮೇತ ನಮ್ಮ ರಥ ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ ಬೇಲೂರಿಗೂ ಹೊರಡಲೇಬೇಕು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವನೆಂಬ ಕಾರಣಕ್ಕೆ ಸಾರಥ್ಯದ ಜೊತೆ ವ್ಯಾಖ್ಯಾನವೂ ನನ್ನ ಪಾಲಿನದೇ. ಹೊಯ್ಸಳ ಶಿಲ್ಪದ ಸೌಂದರ್ಯವನ್ನು ಅಷ್ಟು ಸಲ ವರ್ಣಿಸಿದ ಮೇಲೆ, ದರ್ಪಣಸುಂದರಿ ಕನ್ನಡಿ ಹಿಡಿದಿರುವುದು ಮುಖ ನೋಡಿಕೊಳ್ಳಲಿಕ್ಕಲ್ಲ, ಹಿಂದಿನಿಂದ ಮತ್ತೆ ಈ ಮೇಷ್ಟ್ರು ಬಂದರೇ ಎಂದು ನೋಡಲಿಕ್ಕೆ ಎಂಬ ಗುಮಾನಿ ನನಗೇ ಬಂದುಬಿಟ್ಟಿತ್ತು.

ಇಂಥದೊಂದು ಯಾತ್ರೆಯಲ್ಲಿ, ಬೇಲೂರಿನಲ್ಲಿ, ಬಾಗಿಲಿನ ಒಳಹಿಡಿಕೆ ಮುರಿಯಿತು. ಪದ್ಮಾಳ ದೂರಸಂಬಂಧದ ಚಿಕ್ಕಪ್ಪ, ದೇಹದಲ್ಲೂ ಆತುರದಲ್ಲೂ ದೊಡ್ಡವರು, ಗರ್ಭಗುಡಿಯ ಬಾಗಿಲು ಹಾಕಿಬಿಟ್ಟಾರೆಂಬ ಧಾವಂತದಲ್ಲಿ ಕಾರಿನ ಬಾಗಿಲನ್ನು ಎಳೆದ ರಭಸಕ್ಕೆ ಹಿಡಿಕೆ ಅವರ ಅಂಗೈಯಲ್ಲಿ ಪ್ರಸಾದದ ಹಾಗೆ ಉಳಿಯಿತು. ಊರಿಗೆ ಮರಳಿದವನೇ ನಮ್ಮ ಮೆಕ್ಯಾನಿಕ್ ನಾಗಣ್ಣನ ಗ್ಯಾರೇಜಿಗೆ ಹೋಗಿ ವಿಷಯ ತಿಳಿಸಿದೆ. "ಪಾರ್ಟ್ ತರಿಸ್ಬೇಕು ಸಾ, ಹೇಳಿ ಕಳಿಸ್ತೀನಿ" ಅಂದ. ಆಮೇಲೆ ಕೇಳಿದಾಗಲೆಲ್ಲ "ಇನ್ನೂ ಬಂದಿಲ್ಲ ಸಾ" ಎಂಬ ಉತ್ತರ. ಆ ಮಾದರಿಯ ಕಾರನ್ನೇ ಈಗ ತಯಾರಿಸುವುದಿಲ್ಲವೆಂದು ಆಮೇಲೆ ಗೊತ್ತಾದ್ದರಿಂದ, ಬಾರದು ಬಪ್ಪುದಿಲ್ಲ ಎಂದು ನಾನೂ ಕೇಳುವುದನ್ನು ಬಿಟ್ಟೆ. ಗಾಜು ಇಳಿಸಿ ಕೈ ಹೊರಹಾಕಿ ತೆಗೆಯಬಹುದಲ್ಲ ಎಂದು ನಿಮಗೆ ಈಗ ಹೊಳೆಯುತ್ತಿದೆ, ನನಗೆ ಆಗಲೇ ಹೊಳೆದಿತ್ತು. ಪದ್ಮಾ ಒಪ್ಪಲಿಲ್ಲ. ಬಳೆ ಸಿಕ್ಕಿಕೊಳ್ಳುತ್ತದೆ, ಸೆರಗಿಗೆ ಧೂಳಾಗುತ್ತದೆ ಎಂದಳು. ಬಳೆ ಮತ್ತು ಸೆರಗಿನ ಸಂಗತಿಯಲ್ಲಿ ನನ್ನ ಪಾಂಡಿತ್ಯ ಅಲ್ಪವಾದ್ದರಿಂದ ಸುಮ್ಮನಾದೆ.

ಇದರಿಂದ ನನಗೆ ಬಯಸದೆ ಬಂದದ್ದು ಕೀರ್ತಿ. ಜಾವಗಲ್ಲಿನ ಒಂದು ಮದುವೆಯಲ್ಲಿ, ಛತ್ರದ ಮುಂದೆ ನೆರೆದವರೆಲ್ಲರ ಎದುರಿಗೆ ನಾನು ಇಳಿದು, ಸುತ್ತಿಬಂದು, ಬಾಗಿ ಬಾಗಿಲು ತೆಗೆದು ಹೆಂಡತಿಯನ್ನು ಇಳಿಸಿಕೊಂಡದ್ದನ್ನು ಹೆಂಗಸರು ನೋಡಿದರು. ನೋಡಿ ತಮ್ಮ ತಮ್ಮ ಗಂಡಂದಿರ ಕಡೆ ತಿರುಗಿದರು. ಅಷ್ಟೇ ಸಾಕಾಯಿತು. ಅರಸೀಕೆರೆಯ ಸಭ್ಯ ದಾಂಪತ್ಯದ ಉದಾಹರಣೆಗಳಲ್ಲಿ ನನ್ನ ಹೆಸರು ಸೇರಿಹೋಯಿತು. ನನ್ನ ಜೊತೆಗೇ ನಿವೃತ್ತರಾದ ಗಣಿತದ ಮೇಷ್ಟ್ರು ಒಮ್ಮೆ ಸಂತೆಯಲ್ಲಿ ಸಿಕ್ಕಿ, "ನಿಮ್ಮ ದೆಸೆಯಿಂದ ನಮ್ಮನೇಲಿ ಅನ್ನಕ್ಕೆ ಮುಂಚೆ ಬೈಗುಳ ಬಡಿಸ್ತಾರೆ ಸಾರ್. ಸ್ವಲ್ಪ ಕಡಿಮೆ ಮಾಡ್ಕೊಳ್ಳಿ" ಎಂದು ಕೈಮುಗಿದರು. ನಿಜ ಹೇಳಲು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಸತ್ಯಕ್ಕಿಂತ ಕೀರ್ತಿ ರುಚಿಯಾಗಿತ್ತು. ನುಂಗಿಕೊಂಡೆ.

ಕೀರ್ತಿಗೂ ಒಂದು ದಣಿವಿದೆ. ಈಚೆಗೆ ಕ್ಲಚ್ಚು ಒತ್ತಿದಾಗಲೆಲ್ಲ ನನ್ನ ಎಡಮಂಡಿಯೂ ಕಾರಿನ ಹೊಟ್ಟೆಯೂ ಒಟ್ಟಿಗೇ ನರಳುತ್ತಿದ್ದವು. ಯಾವ ಸದ್ದು ಯಾರದೆಂದು ತಿಳಿಯುತ್ತಿರಲಿಲ್ಲ. ಸಂಜೆಯಾದರೆ ಎದುರು ಬರುವ ಲಾರಿಯ ದೀಪಕ್ಕೆ ಕಣ್ಣು ಕತ್ತಲೆಗಟ್ಟುತ್ತಿತ್ತು. ತಿಂಗಳಿಗೊಮ್ಮೆ ರೇಡಿಯೇಟರ್, ಅದು ಸರಿಯಾದರೆ ಬ್ಯಾಟರಿ, ಬ್ಯಾಟರಿ ಸರಿಯಾದರೆ ನಾನು. ಹಾಸನದಲ್ಲಿರುವ ಮಗಳು, "ಅಪ್ಪಾ, ನೀವು ಓಡಿಸಿದ್ದು ಸಾಕು, ಅದು ಓಡಿದ್ದೂ ಸಾಕು" ಎಂದಳು. ವಾದಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಬಹಳ ದಿನಗಳಿಂದ ನಾನೂ ಬಯಸುತ್ತಿದ್ದ ಮಾತನ್ನು ಬೇರೆ ಯಾರೋ ಆಡಿದರೆ ಎಷ್ಟು ಹಗುರವಾಗುತ್ತದೆ!

ಕೊಳ್ಳಲು ಒಪ್ಪಿದವನು ಜಾವಗಲ್ಲಿನ ಲೋಕೇಶ, ಕೊಬ್ಬರಿ ವ್ಯಾಪಾರದ ಹುಡುಗ, ಹೊಸದಾಗಿ ಮದುವೆಯಾದವನು. ಕಾರು ಮನೆಗೆ ಬರುವಾಗ ನಿಂಬೆಹಣ್ಣು, ಬೂದುಗುಂಬಳ, ಅರಿಶಿನ ಕುಂಕುಮ ಎಂದು ನೂರೆಂಟು ಶಾಸ್ತ್ರಗಳಿವೆ. ಬಿಟ್ಟುಹೋಗುವಾಗ ಏನು ಮಾಡಬೇಕೆಂದು ನಮ್ಮ ಹಿರಿಯರು ಹೇಳಿಲ್ಲ. ಏನು ಮಾಡಬಾರದೆಂದು ಮಾತ್ರ ಹೇಳಿದ್ದಾರೆ. ಶುಕ್ರವಾರ ಮನೆಯಿಂದ ಏನನ್ನೂ ಆಚೆ ಕಳಿಸಬಾರದೆಂದು ಪದ್ಮಾ ಪಟ್ಟು ಹಿಡಿದಳು. ಶನಿವಾರ ಕಬ್ಬಿಣ ಮನೆಗೆ ತರಬಾರದೆಂದು ಲೋಕೇಶನ ತಾಯಿ ಹೇಳಿ ಕಳಿಸಿದರು. ಮಂಗಳವಾರ ಎರಡೂ ಮನೆಗೆ ಆಗದು. ಮುಂದಿನ ವಾರ ನೋಡಿದರೆ ಅಮಾವಾಸ್ಯೆ. ಹೀಗೆ ಪಂಚಾಂಗದ ಕೃಪೆಯಿಂದ ಕಾರು ಇನ್ನಷ್ಟು ದಿನ ನಮ್ಮಲ್ಲೇ ಉಳಿದು, ಕೊನೆಗೆ ಒಂದು ಗುರುವಾರಕ್ಕೆ ಎಲ್ಲರೂ ಒಪ್ಪಿದರು. ಲೋಕೇಶ ಕೇಳಿದ್ದು ಒಂದೇ. "ಮೇಷ್ಟ್ರೇ, ಆ ಬಾಗ್ಲೊಂದು ಸರಿ ಮಾಡಿಸ್ಕೊಟ್ಬುಡಿ. ಮಿಕ್ಕಿದ್ದೆಲ್ಲ ನಾನ್ ನೋಡ್ಕತೀನಿ."

ಬುಧವಾರ ಬೆಳಗ್ಗೆ ನಾಗಣ್ಣನ ಹತ್ತಿರ ಹೋಗಿ, ಎಲ್ಲಾದರೂ ಹಳೆಯ ಗಾಡಿಯದನ್ನಾದರೂ ಕಿತ್ತು ಹಾಕಪ್ಪ ಎಂದೆ.

"ಗಾಡಿ ಕೊಟ್ಬುಡ್ತಿದ್ದೀರಾ ಸಾ?" ಎಂದು ಕೇಳಿದ. ಹೌದೆಂದೆ. ಅವನು ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಒಳಗಿನ ಶೆಲ್ಫಿನ ಮೇಲಿಂದ ಪೇಪರಿನಲ್ಲಿ ಸುತ್ತಿದ್ದ ಹೊಚ್ಚ ಹೊಸ ಹಿಡಿಕೆಯನ್ನು ತಂದು ನನ್ನ ಮುಂದಿಟ್ಟ.

"ಇದು ಬಂದು ಯಾವ ಕಾಲ ಆಯ್ತೋ. ಅಮ್ಮಾವ್ರೇ ಒಂದಿನ ತರಕಾರಿ ತಗಂಡು ಹೋಗೋವಾಗ ಬಂದು, 'ನಾಗಣ್ಣ, ಅದನ್ನ ಹಾಕ್ಬೇಡ, ಕೇಳಿದ್ರೆ ಬಂದಿಲ್ಲ ಅನ್ನು' ಅಂದ್ರು. ಗಂಡ ಹೆಂಡ್ರ ಇಸ್ಯ, ನಂಗ್ಯಾಕೆ ಅಂತ ಸುಮ್ಕಿದ್ದೆ. ಈಗ ಗಾಡೀನೇ ಹೋಯ್ತೈತಲ್ಲ, ಇನ್ನೇನು."

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಿಡಿಕೆ ಕೂಡಿಸಿಬಿಟ್ಟ. ಬಾಗಿಲು ಒಳಗಿನಿಂದ ಟಕ್ಕೆಂದು ತೆರೆದುಕೊಂಡಿತು. ಮೊದಲು ನನಗೆ ಬಂದದ್ದು ಸಿಟ್ಟು. ಎಷ್ಟು ಬಿಸಿಲಿನಲ್ಲಿ, ಎಷ್ಟು ಮಳೆಯಲ್ಲಿ, ಹಿಂದಿನಿಂದ ಬಸ್ಸುಗಳು ಹಾರನ್ ಹೊಡೆಯುತ್ತಿದ್ದಾಗ ಎಷ್ಟು ಗಲಿಬಿಲಿಯಲ್ಲಿ ಇಳಿದು ಸುತ್ತಿದ್ದೇನೆ! ನನ್ನನ್ನು ಇಷ್ಟು ಕಾಲ ಗಾಣದೆತ್ತು ಮಾಡಿದ ಉದ್ದೇಶವಾದರೂ ಏನು? ಮನೆಗೆ ಹೋದವನೇ ಕೇಳಿಬಿಡಬೇಕೆಂದು ಹೊರಟೆ. ಆದರೆ ಮನೆ ತಲುಪುವಷ್ಟರಲ್ಲಿ ಸಿಟ್ಟಿಗೂ ಸುಸ್ತಾಗಿತ್ತು. ಈ ವಯಸ್ಸಿನಲ್ಲಿ ಯಾವ ಭಾವವೂ ಎರಡು ರಸ್ತೆ ದಾಟುವುದಿಲ್ಲ.

ಊಟವಾದ ಮೇಲೆ ಅವಳೇ ಬಂದು ಕೂತಳು. "ನಾಳೆ ಹೋಗುತ್ತಲ್ಲ ರೀ, ಇವತ್ತೊಂದು ಸಲ ಹಳೇಬೀಡಿಗೆ ಹೋಗಿ ಬರೋಣ್ವಾ? ನಾವಿಬ್ಬರೇ" ಎಂದಳು. ಯೋಚಿಸಿ ನೋಡಿದೆ. ಕಾರು ಬಂದಾಗಿನಿಂದ ಆ ದಾರಿಯಲ್ಲಿ ನಾವಿಬ್ಬರೇ ಹೋದದ್ದು ನೆನಪಿಗೆ ಬರಲಿಲ್ಲ. ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಹಳೇಬೀಡಿನಲ್ಲಿ ಕೆರೆಯ ಹತ್ತಿರ ಒಂದು ಮರದ ನೆರಳಿಗೆ ಗಾಡಿ ನಿಲ್ಲಿಸಿದೆ. ನಿಲ್ಲಿಸಿ, ಬೇಕೆಂದೇ ಇಳಿಯದೆ ಕೂತೆ. ಬೆಳಗಿನ ಗುಟ್ಟು ಹೊಟ್ಟೆಯಲ್ಲಿತ್ತು. ಇವಳೇನು ಮಾಡುತ್ತಾಳೆ ನೋಡೋಣವೆಂಬ ಹಟ. ಅವಳೂ ಮುಂದಿನ ಗಾಜಿನಾಚೆ ನೋಡುತ್ತ ಕೂತಳು. ಶಾಲೆಯ ಮಕ್ಕಳ ಸಾಲೊಂದು ಗಲಗಲ ಎಂದು ಹಾದುಹೋಯಿತು. ಸೌತೆಕಾಯಿ ಮಾರುವವಳು ಬಂದು, ಗಾಜಿನೊಳಗೆ ಇಣುಕಿ, ಜಗಳವಾಡಿಕೊಂಡವರ ಹತ್ತಿರ ವ್ಯಾಪಾರವಿಲ್ಲವೆಂದು ತಿಳಿದು ಮುಂದೆ ಹೋದಳು.

"ಏನ್ರೀ, ಇಳಿಯಲ್ವಾ?"

"ಬಾಗಿಲು ಸರಿಹೋಗಿದೆ. ನೀನೇ ತೆಗಿ."

ಪದ್ಮಾ ಬಾಗಿಲಿನ ಕಡೆ ನೋಡಿದಳು. ಹೊಸ ಹಿಡಿಕೆಯವರೆಗೂ ಕೈ ಹೋಯಿತು, ಮುಟ್ಟಲಿಲ್ಲ, ಹಿಂದಕ್ಕೆ ಬಂದು ಮಡಿಲಿನಲ್ಲಿ ಕೂತಿತು.

"ನಾಗಣ್ಣ ಹೇಳಿಬಿಟ್ನಾ?" ಎಂದಳು. ಹೂಂ ಎಂದೆ. ಅವಳೇ ಮುಂದುವರಿಸಿದಳು. "ನನಗೆ ಬಾಗಿಲು ತೆಗೆಯೋಕೆ ಬರಲ್ಲ ಅಂತಲ್ಲ ಕಣ್ರೀ. ಮುಂಚೆ ಹೇಗಿತ್ತು ಜ್ಞಾಪಿಸ್ಕೊಳ್ಳಿ. ಗಾಡಿ ನಿಂತ ತಕ್ಷಣ ನೀವು ನೆಂಟರ ಜೊತೆ ಹೊಯ್ಸಳರು, ಹೊಯ್ಸಳರು ಅಂತ ಮುಂದೆ ಹೋಗಿಬಿಡೋರು. ನಾನು ಬುತ್ತಿ ಚೀಲ ಹಿಡ್ಕೊಂಡು ಹಿಂದೆ ಬರೋಳು. ಅದೇನು ತಪ್ಪು ಅಂತ ಹೇಳ್ತಿಲ್ಲ, ಎಲ್ಲರ ಮನೇಲೂ ಹಾಗೇ. ಆದ್ರೆ ಅವತ್ತು ಬೇಲೂರಲ್ಲಿ ಹಿಡಿಕೆ ಮುರೀತಲ್ಲ, ವಾಪಸ್ ಬರೋವಾಗ ಚಿಕ್ಕಪ್ಪ ಹಿಂದೆ ಕೂತ್ರು, ನಾನು ಮುಂದೆ ಕೂತೆ, ಮೊದಲನೇ ಸಲ ನೀವು ಸುತ್ತಿ ಬಂದು ತೆಗೆದ್ರಿ. ಕಾಲು ನೋಡ್ಕೊಂಡು ಇಳಿ ಅಂದ್ರಿ. ನನಗೆ ಚೆನ್ನಾಗಿತ್ತು. ಇರಲಿ ಅಂತ ಬಿಟ್ಟೆ, ಅಷ್ಟೇ."

ಅಷ್ಟೇ ಎಂದಳು, ಆದರೆ ಅಲ್ಲಿಗೆ ಮುಗಿಯಲಿಲ್ಲ. "ನಾಳೆಯಿಂದ ಅದೂ ಇಲ್ಲ" ಎಂದು ಕೆರೆಯ ಕಡೆ ಮುಖ ತಿರುಗಿಸಿದಳು.

ಕಾರು ಹೋಗುವುದರಿಂದ ಏನೇನು ಹೋಗುತ್ತದೆಂದು ನಾನು ಅಷ್ಟು ದಿನವೂ ಲೆಕ್ಕ ಹಾಕಿದ್ದೆ: ನೆಂಟರ ಕಾಟ, ರೇಡಿಯೇಟರಿನ ಕಾಟ, ಮಂಡಿಯ ಕಾಟ. ಇವಳ ಪಾಲಿಗೆ ಹೋಗುತ್ತಿದ್ದದ್ದು ಬೇರೆ. ನನಗೆ ಕಷ್ಟವೆನಿಸಿತು. ಎಷ್ಟೆಂದರೆ, ತಪ್ಪು ಯಾರದೆಂದು ಹುಡುಕುವ ಮೇಷ್ಟರಿಕೆಯೂ ಬೇಡವೆನಿಸಿತು. ಸ್ಟೀರಿಂಗಿಗೆ ಕೈಯೂರಿಕೊಂಡು ಇಳಿದೆ, ಮಂಡಿ ತನ್ನ ಆಕ್ಷೇಪಣೆಯನ್ನು ದಾಖಲಿಸಿತು, ಸುತ್ತಿ ಹೋಗಿ ಬಾಗಿಲು ತೆಗೆದೆ. ಕಾಲು ನೋಡಿಕೊಂಡು ಇಳಿ ಎಂದು ಹೇಳಬೇಕೆಂದಿದ್ದೆ. ಅದರ ಬದಲು ಬಾಗಿಲನ್ನು ಇನ್ನಷ್ಟು ಅಗಲಿಸಿ ಹಿಡಿದೆ. ಅವಳು ನೋಡಿಕೊಂಡೇ ಇಳಿದಳು. ದೇವಸ್ಥಾನದೊಳಗೆ ಹೋಗಲಿಲ್ಲ ನಾವು. ಸೌತೆಕಾಯಿಯವಳನ್ನು ಕರೆದು, ಉಪ್ಪು ಖಾರ ಹಚ್ಚಿಸಿಕೊಂಡು ತಿಂದು, ಕತ್ತಲಾಗುವ ಮೊದಲು ಮನೆ ಸೇರಿದೆವು.

ಗುರುವಾರ ಲೋಕೇಶ ಹೆಂಡತಿಯೊಂದಿಗೆ ಬಂದ. ಆ ಹುಡುಗಿ ಮುಂದಿನ ಸೀಟಿನಲ್ಲಿ ಸಂಭ್ರಮದಿಂದ ಕೂತಳು. ಪದ್ಮಾ ಅವಳಿಗೆ ಕುಂಕುಮವಿಟ್ಟು, ಹೂವು ಕೊಟ್ಟು, ಕಿಟಕಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು. "ಈ ಬಾಗಿಲು ಒಳಗಿನಿಂದ ಸ್ವಲ್ಪ ಬಿಗಿ ಕಣಮ್ಮ. ನೀನು ಎಳೀಬೇಡ. ಅವನೇ ಬಂದು ತೆಗೀಲಿ, ಸುಮ್ನೆ ಕೂತಿರು."

ಲೋಕೇಶನ ಕಿವಿ ಚುರುಕು. "ಮೇಷ್ಟ್ರೇ, ಸರಿ ಮಾಡ್ಸಿದ್ದೀನಿ ಅಂದ್ರಲ್ಲಾ?" ಎಂದು ನನ್ನ ಕಡೆ ತಿರುಗಿದ.

ಸತ್ಯವನ್ನೇ ನುಡಿಯಬೇಕೆಂದು ಜೀವಮಾನವಿಡೀ ಮಕ್ಕಳಿಗೆ ಹೇಳಿಕೊಟ್ಟ ನಾನು, "ಹಳೇ ಗಾಡಿ ಕಣಪ್ಪ, ನಂಬೋಕಾಗಲ್ಲ" ಎಂದೆ. ಕಾರು ಜಾವಗಲ್ ರಸ್ತೆಗೆ ತಿರುಗಿತು. ನನಗೆ ಹಾಯೆನಿಸುತ್ತದೆಂದುಕೊಂಡಿದ್ದೆ, ಅನಿಸಲಿಲ್ಲ. ಗೇಟು ಹಾಕಿ ಒಳಗೆ ಬಂದು ಮಲಗಿಬಿಟ್ಟೆ.

ಈಗ ನಮ್ಮದು ಬಸ್ಸಿನ ಪ್ರಯಾಣ. ಮೊನ್ನೆ ಹಳೇಬೀಡಿನಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಬರುವಾಗ ಅವಳಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು, ನನಗೆ ಹಿಂದೆ ಕಂಬಿ ಸಿಕ್ಕಿತು. ಅರಸೀಕೆರೆ ಬಂದಾಗ ಅವಳು ಮೊದಲೇ ಇಳಿದುಹೋದಳು. ನಾನು ಜನರ ನಡುವೆ ನುಸುಳಿ ಬಾಗಿಲಿಗೆ ಬರುವ ಹೊತ್ತಿಗೆ ಹಿಂದಿನವರ ಚೀಲಗಳು ಬೆನ್ನಿಗೆ ಒತ್ತುತ್ತಿದ್ದವು. ಕೆಳಗಿನ ಮೆಟ್ಟಿಲಿನಿಂದ ನೆಲ ಬಹಳ ದೂರದಲ್ಲಿತ್ತು. "ಬೇಗ ಇಳೀರಿ ಯಜಮಾನ್ರೇ, ಗಾಡಿ ಹೊರಡ್ಬೇಕು" ಎಂದು ಕಂಡಕ್ಟರ್ ಕೂಗಿದ.

ಆಟೋ ಹಿಡಿಯಲು ಮುಂದೆ ಹೋಗಿದ್ದ ಪದ್ಮಾ ತಿರುಗಿ ನೋಡಿದಳು. ಜನರನ್ನು ಸರಿಸಿಕೊಂಡು ವಾಪಸ್ ಬಂದು, ಬಸ್‌ಸ್ಟ್ಯಾಂಡಿನ ಅಷ್ಟು ಜನರೆದುರು, ಮೆಟ್ಟಿಲ ಬುಡದಲ್ಲಿ ನಿಂತು ಕೈ ಚಾಚಿದಳು.

"ಕಾಲು ನೋಡ್ಕೊಂಡು ಇಳೀರಿ."

ಕಂಬಿ ಹಿಡಿದುಕೊಂಡಿದ್ದರೆ ನಾನೊಬ್ಬನೇ ಇಳಿಯಬಹುದಾಗಿತ್ತು. ಕಂಬಿ ಬಿಟ್ಟು ಅವಳ ಕೈ ಹಿಡಿದುಕೊಂಡೆ.