ಈರಕ್ಕ ಎತ್ತಿದ ಪದ, ನಾಗಕ್ಕ ಹಿಡಿದ ಸೊಲ್ಲು

೧೯೮೫ನೇ ಇಸವಿ ಮೇ ೧೨, ಭಾನುವಾರ, ಶಿರಾ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಯಲ್ಲಿ ಈರಕ್ಕನ ಹಾಡು ಈರಕ್ಕನಿಲ್ಲದೆ ಮೊಳಗಿತು. ಅಂಚೆ ಇಲಾಖೆಯ ನಿವೃತ್ತ ನೌಕರನಾದ ನಾನು ಆಗ ಅವಳ ಪಕ್ಕದಲ್ಲೇ ಬರಗೂರಿನ ಬಸ್ಸಿಗೆ ಕಾಯುತ್ತಿದ್ದೆ.

"ಇದು ನಾಗಿ ದನಿ ಕಣ್ ಸಾಮಿ," ಎಂದಳು. ಹಾಡು ಮುಗಿಯುವವರೆಗೂ ಕಿವಿಗೊಟ್ಟಳು. "ನಂದೆಲ್ಲಿ?"

ಈರಕ್ಕ ಬರಗೂರು ಸಮೀಪದ ಗೊಲ್ಲರಹಟ್ಟಿಯವಳು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ, ಕುರಿ ಕಾಯುವ ಮನೆಗೇ ಸೊಸೆಯಾಗಿ ಬಂದವಳು. ಈಗ ಅವಳಿಗೆ ಐವತ್ತೆಂಟು. ಆ ಹಟ್ಟಿಯ ಮದುವೆಯ ಸೋಬಾನೆಗೆ ಒಂದು ಕ್ರಮವಿದೆ: ಒಬ್ಬಳು ಪದ ಎತ್ತುತ್ತಾಳೆ, ಇನ್ನೊಬ್ಬಳು ಅದಕ್ಕೆ ಸೊಲ್ಲು ಹಿಡಿಯುತ್ತಾಳೆ. ಪದ ಸಾಲಿಗೊಮ್ಮೆ ಬದಲಾಗುತ್ತದೆ, ಸೊಲ್ಲು ಬದಲಾಗದು. ನಲವತ್ತು ವರ್ಷ ಎತ್ತಿದವಳು ಈರಕ್ಕ. ಹಿಡಿದವಳು ಅವಳ ನಾದಿನಿ ನಾಗಕ್ಕ, ಈರಕ್ಕನ ಬಾಯಲ್ಲಿ ನಾಗಿ. ಮದುವೆಮನೆಯ ಮೊದಲ ತಾಂಬೂಲ ಪದ ಎತ್ತಿದವಳಿಗೆ ಸಲ್ಲುತ್ತದೆ.

೧೯೮೩ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಂಗೀತ ಸಂಯೋಜಕರೊಬ್ಬರು ಹಟ್ಟಿಗೆ ಬಂದು, ಸಂಗ್ರಹಕ್ಕೆಂದು ಹೇಳಿ ಇಬ್ಬರ ಹಾಡನ್ನೂ ಟೇಪಿನಲ್ಲಿ ತುಂಬಿಕೊಂಡು ಹೋದರು. ಮುಂದಿನದನ್ನು ಅವರೇ ನನ್ನ ಪತ್ರಕ್ಕೆ ಉತ್ತರವಾಗಿ ತಿಳಿಸಿದ್ದಾರೆ. ಈರಕ್ಕನ ಪದ ಅವರ ತಾಳಕ್ಕೆ ಒಗ್ಗಲಿಲ್ಲವಂತೆ. ಆದ್ದರಿಂದ ಟೇಪನ್ನು ಬ್ಲೇಡಿನಿಂದ ಕತ್ತರಿಸಿ, ಸೊಲ್ಲಿನ ತುಂಡನ್ನಷ್ಟೇ ಸುತ್ತು ಹಾಕಿ ಅಂಟಿಸಿ, ಅದು ತಿರುತಿರುಗಿ ಬರುವಂತೆ ಮಾಡಿ, ಮೇಲೆ ಗಿಟಾರು, ಡ್ರಮ್ಮು ಕೂಡಿಸಿದರು. ಸತ್ಯಕ್ಕೆ ಅಪಚಾರವಾಗಬಾರದು: ಕೇಳಲು ಇಂಪಾಗಿದೆ, ಆ ಕೈಚಳಕ ಸಾಮಾನ್ಯರದಲ್ಲ. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮಾತ್ರ ಇಬ್ಬರ ಹೆಸರೂ ಇಲ್ಲ.

ಹಟ್ಟಿಯ ಬಾವಿಯ ಬಳಿ ಈರಕ್ಕ ನಾಗಕ್ಕನನ್ನು ಬಿಡಲಿಲ್ಲ. "ಏನೇ ಕ್ಯಾಸೆಟ್ನೋಳೇ, ನೀರು ಸೇದಾಕೂ ಆ ಗಿಟಾರ್ನೋನ್ನೇ ಕರ್ಕಂಡ್ ಬಾ!"

"ನಾನೇನ್ ಮಾಡ್ಲಿ ಅತ್ಗೆ?" ನಾಗಕ್ಕ ಕೊಡ ಎತ್ತಿದಳು. "ಚೆಂದಾಗಿರೋದ್ನ ಮಡಿಕ್ಕಂಡವ್ರೆ."

ಜೂನ್ ೬ರಂದು ಹಟ್ಟಿಯ ಓಬಳಪ್ಪನ ಮಗಳ ಮದುವೆ. ಮೊದಲ ತಾಂಬೂಲ ನಾಗಕ್ಕನ ಕೈಗೆ ಹೋಯಿತು. ಅವಳು ಸೊಲ್ಲು ತೆಗೆದಳು. ಕ್ಯಾಸೆಟ್ ಕೇಳಿದ್ದ ಹೆಂಗಸರೆಲ್ಲ ದನಿಗೂಡಿಸಿದರು. ಏಳು ಸಲ ಅದೇ ಸೊಲ್ಲು. ಮುಂದಿನ ಪದ ಅವಳಿಗೆ ಬಾರದು, ಎಂದೂ ಎತ್ತಿದವಳಲ್ಲ. ಅತ್ತಿಗೆಯತ್ತ ನೋಡಿದಳು.

ಈರಕ್ಕ ಎಲೆಗೆ ಸುಣ್ಣ ಸವರುತ್ತಿದ್ದಳು. "ಎತ್ತೇ. ಬೆಂಗ್ಳೂರೋರು ಇದ್ನ ಕಲಿಸ್ಲಿಲ್ವಾ?"

ಹಸೆಯ ಮೇಲೆ ಹೆಣ್ಣು ಕಾದೇ ಇತ್ತು. ಹಾಡು ಅರ್ಧಕ್ಕೆ ನಿಂತಿತು. ಅಂದಿನಿಂದ ಈ ಡಿಸೆಂಬರಿನವರೆಗೆ ಈರಕ್ಕ ಯಾವ ಮದುವೆಯಲ್ಲೂ ಬಾಯಿ ತೆರೆದಿಲ್ಲ. ನಾಗಕ್ಕನೊಡನೆ ಮಾತೂ ಇಲ್ಲ.

ಹೊಟ್ಟೆಕಿಚ್ಚೇ ಎಂದು ಈರಕ್ಕನನ್ನು ಕೇಳಿದೆ.

"ಊಂ ಸಾಮಿ, ಉರೀತೈತೆ. ಕತ್ತರಿಸಿದ್ದು ಕತ್ತರಿಸ್ಲಿ. ನನ್ನ ಎಲ್ಲಿಗೆ ಬಿಸಾಕುದ್ರು, ಅದ್ನ ಕೇಳಿ."

ಸಂಯೋಜಕರೇ, ಕ್ಯಾಸೆಟ್ ಹೊರತಂದ ಮಾಲೀಕರೇ, ಕೇಳುತ್ತಿದ್ದೇನೆ. ಮುಂದಿನ ಮುದ್ರಣದಲ್ಲಿ ಪದ ಎತ್ತಿದವಳು ಈರಕ್ಕ, ಸೊಲ್ಲು ಹಿಡಿದವಳು ನಾಗಕ್ಕ ಎಂದು ಈ ಕ್ರಮದಲ್ಲೇ ಅಚ್ಚು ಮಾಡಿಸಿ. ನೀವು ಕತ್ತರಿಸಿ ಬಿಟ್ಟ ಟೇಪನ್ನು, ತುಂಡುಗಳಾಗಿದ್ದರೆ ತುಂಡುಗಳನ್ನೇ, ರಿಜಿಸ್ಟರ್ಡ್ ಅಂಚೆಯಲ್ಲಿ ಈರಕ್ಕನ ಹೆಸರಿಗೆ ಕಳುಹಿಸಿಕೊಡಿ.