ಹೊಳೆಗೆ ಚೆಲ್ಲಿದ ರೊಟ್ಟಿ

ನಾನು ಚಿಕ್ಕವನಿದ್ದಾಗ ಸಂಕ್ರಾಂತಿಯ ವಾರ ನಮ್ಮ ಸಾಲೆಯ ಮಕ್ಕಳೆಲ್ಲ ಬುತ್ತಿ ಕಟ್ಟಿಕೊಂಡು ಮಲಪ್ರಭೆಯ ದಂಡೆಗೆ ಹೋಗುತ್ತಿದ್ದೆವು. ಶಿವಯೋಗ ಮಂದಿರದಿಂದ ಸ್ವಲ್ಪ ಆಚೆ, ಹೊಳೆ ತಿರುಗುವ ಜಾಗ. ಎಲ್ಲರ ಗಂಟಿನಲ್ಲೂ ಕರಿಎಳ್ಳು ಹಚ್ಚಿದ ಸಜ್ಜೆರೊಟ್ಟಿ. ದೊಡ್ಡ ಧೋತರ ಹಾಸಿ ಅಷ್ಟನ್ನೂ ಅದರ ಮೇಲೆ ಕೂಡಿಸಬೇಕು. ಆಮೇಲೆ ಯಾರ ಮನೆಯದು ಯಾರ ಬಾಯಿಗೋ. “ಇವತ್ತ ಎಲ್ಲಾರೂ ಒಂದ” ಎಂದು ಮಾಸ್ತರರು ಪ್ರತಿ ವರ್ಷ ಹೇಳುತ್ತಿದ್ದರು. ಊರ ಹೊರಗಿನ ಕೇರಿಯ ಮಕ್ಕಳು ಮಾತ್ರ ದೂರದ ಜಾಲಿಮರದ ಕೆಳಗೆ ಕೂತು ತಮ್ಮ ಗಂಟು ತಾವು ಬಿಚ್ಚಬೇಕು. ಅವರನ್ನು ಮುಟ್ಟಿದರೆ ಮೈಲಿಗೆ ಎಂದು ಊರು ನಂಬಿತ್ತು.

ಆ ವರ್ಷ ಅಕ್ಕ ಏಳನೇ ಇಯತ್ತೆ. ಅವಳ ಜೀವದ ಗೆಳತಿ ಆ ಕೇರಿಯವಳು. ಇಬ್ಬರೂ ವರ್ಷದ ಕೊನೆಗೆ ಮುಲ್ಕಿಗೆ, ಅಂದರೆ ಏಳನೇ ಇಯತ್ತೆಯ ಪಬ್ಲಿಕ್ ಪರೀಕ್ಷೆಗೆ, ಕೂಡುವವರಿದ್ದರು. ಅದು ಪಾಸಾದವರಿಗೆ ಆಗ ಮಾಸ್ತರಿಕೆ ಸಿಗುತ್ತಿತ್ತು; ಗೆಳತಿಗೆ ಮುಂದೆ ತಾನೂ ಸಾಲೆಯಲ್ಲಿ ಕಲಿಸುವ ಆಸೆ.

ಮಾಸ್ತರರು ಕೈ ತೊಳೆಯಲು ಹೊಳೆಗಿಳಿದಾಗ ಅಕ್ಕ ಗೆಳತಿಯ ಗಂಟು ಇಸಿದುಕೊಂಡು ಧೋತರದ ಮೇಲೆ ಸುರಿದಳು. ನಾನದನ್ನು ಕಣ್ಣಾರೆ ಕಂಡೆನೋ, ಅಕ್ಕ ಮುಂದೆ ಹೇಳಿದ್ದನ್ನೇ ಕಂಡೆ ಎಂದುಕೊಂಡಿದ್ದೇನೋ, ಖಾತ್ರಿಯಿಲ್ಲ. ನೆನಪು ಒಳ್ಳೆಯ ಸಾಕ್ಷಿಯಲ್ಲ. ಆದರೆ ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿಯ ಘಮ, ಒಣರೊಟ್ಟಿ ಮುರಿಯುವ ಕಟಕಟ ಸದ್ದು, ಅವು ನನ್ನವೇ.

ಅರ್ಧ ಊಟವಾದಾಗ ಯಾರೋ ಚಾಡಿ ಹೇಳಿದರು. ಮಾಸ್ತರರು ತಟ್ಟನೆ ಎದ್ದರು.

“ಆ ಹುಡುಗಿ ರೊಟ್ಟಿ ಯಾವು? ಆರಿಸಿ ತಗೀರಿ!”

ಹುಡುಗಿಯರು ರೊಟ್ಟಿಗಳನ್ನು ತಿರುವಿ ತಿರುವಿ ನೋಡಿದರು. ಅದೇ ಸಜ್ಜೆ, ಅದೇ ಎಳ್ಳು.

ಹಿಂದಿನಿಂದ ಒಬ್ಬ ಕೇಳಿದ: “ಸರ್ರ, ನಿಮ್ಮ ಕೈಯಾಗಿಂದು ಯಾರ ಮನೀದ್ರಿ?”

“ತಡಿಯೋ, ರುಚಿ ನೋಡಿ ಹೇಳ್ತಾರ” ಎಂದಳು ಅಕ್ಕ.

ಎಲ್ಲರೂ ಗೊಳ್ಳೆಂದು ನಕ್ಕೆವು. ಮಾಸ್ತರರ ಮುಖ ನೋಡಿದ ಮೇಲೆ ನಗು ನಿಂತಿತು. ಅವರು ಕೈಯಲ್ಲಿದ್ದ ತುಂಡನ್ನು ಎಸೆದರು. ಗೆಳತಿಯಿಂದಲೇ ಧೋತರ ಎತ್ತಿಸಿ, ಅಷ್ಟೂ ರೊಟ್ಟಿಯನ್ನು ಅವಳ ಕೈಯಿಂದಲೇ ಹೊಳೆಗೆ ಚೆಲ್ಲಿಸಿದರು. “ನಾಳಿಂದ ಸಾಲಿ ಕಡೆ ಬಂದೀ ಅಂದ್ರ ನೋಡು!”

ಸಂಜೆ ಅಪ್ಪ ಲಿಂಗಪೂಜೆ ಮುಗಿಸಿ, ಎಂದಿನಂತೆ ಬಸವಣ್ಣನವರ ವಚನ ಹೇಳಿ ಎದ್ದ. ಅಪ್ಪನ ಮಾತಿಗೆ ಊರಲ್ಲಿ ತೂಕವಿತ್ತು. ಅಕ್ಕ ಎದುರಿಗೆ ನಿಂತಳು.

“ಅಪ್ಪಾ, ನೀ ಸಾಲಿಗೆ ಬಂದು ಒಂದ ಮಾತ ಹೇಳು. ಅಕಿ ಪರೀಕ್ಷಾಕ್ಕ ಕುಂದರಬೇಕು.”

“ನಾಕ ಮಂದ್ಯಾಗ ಬಾಳೇ ಮಾಡಬೇಕವಾ. ನಿನಗ ತಿಳಿಯೂದಿಲ್ಲ.”

“ಹಂಗಾರ ದಿನಾ ವಚನ ಹೇಳ್ತೀಯಲ್ಲ, ಯಾರಿಗೆ ಹೇಳ್ತೀ?”

ಅಪ್ಪ ಊಟಕ್ಕೆ ಕೂತ. ಮರುದಿನ ಸಾಲೆಯ ಕಡೆ ಹೋಗಲಿಲ್ಲ. ಅಕ್ಕ ಮುಲ್ಕಿ ಪಾಸಾದಳು. ಗೆಳತಿ ಪರೀಕ್ಷೆಗೆ ಕೂಡಲೇ ಇಲ್ಲ. ‘ಆಗಿನ ಕಾಲವೇ ಹಾಗಿತ್ತು’ ಎಂದು ಯಾರಾದರೂ ಅಂದರೆ ಈಗಲೂ ನನ್ನ ಮೈ ಉರಿಯುತ್ತದೆ. ರೊಟ್ಟಿ ಚೆಲ್ಲಿಸಿದ್ದು ಕಾಲವಲ್ಲ, ಮನುಷ್ಯರು. ಮನೆಯಲ್ಲಿ ಸುಮ್ಮನೆ ಕೂತವರೂ ಮನುಷ್ಯರೇ.

ಮೊಮ್ಮಕ್ಕಳೇ, ನಿಮ್ಮ ಸಾಲೆಯಲ್ಲಿ ಜಾಲಿಮರದ ಕೆಳಗೆ ಯಾರನ್ನೂ ಕೂಡಿಸುವುದಿಲ್ಲ. ಎಲ್ಲರಿಗೂ ಒಂದೇ ಪಾತ್ರೆಯ ಬಿಸಿಯೂಟ. ಗೋಡೆಯ ಮೇಲೆ ‘ನಾವೆಲ್ಲರೂ ಸಮಾನರು’ ಎಂದು ಬಣ್ಣದಲ್ಲಿ ಬರೆದಿದ್ದಾರೆ. ಆದರೆ ಆ ಕೇರಿಯ ಅಡುಗೆಯವರು ಹೊಸದಾಗಿ ಬಂದ ವಾರವೇ ನಿಮ್ಮಿಬ್ಬರ ಚೀಲದಲ್ಲಿ ಮನೆಯ ಡಬ್ಬಿ ಬಂತಲ್ಲ, ಯಾಕೆ? ನಿಮ್ಮಪ್ಪನನ್ನು ಕೇಳಿದೆ. “ಸಾಲಿ ಊಟ ಹುಡುಗರ ಹೊಟ್ಟಿಗೆ ಹತ್ತೂದಿಲ್ಲಪ್ಪಾ” ಎಂದ. ಹೋದ ತಿಂಗಳವರೆಗೆ ಚೆನ್ನಾಗಿಯೇ ಹತ್ತುತ್ತಿತ್ತು.

ನಾಳೆ ಡಬ್ಬಿ ಮನೆಯಲ್ಲೇ ಇರಲಿ. ಮಧ್ಯಾಹ್ನ ನಾನೂ ತಟ್ಟೆ ಹಿಡಿದು ಬರುತ್ತೇನೆ. ನಿಮ್ಮ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತೇನೆ.